ದೊಡ್ಡಮಾವನವರ ಮಹಾಮತಿ

ನಮ್ಮ ದೊಡ್ಡಮಾವನವರಿಗೆ ಹುಚ್ಚು ಹಿಡಿದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಿಜಾಮರ ಕಾಲದ ನಾರಾಯಣಪೇಟೆಯಲ್ಲಿ ಈ ಮಾತನ್ನು ನಂಬುತ್ತಿದ್ದವರು ಇಬ್ಬರೇ ಇಬ್ಬರು. ಒಬ್ಬಳು ನಾನು, ಇನ್ನೊಬ್ಬರು ಪೊಲೀಸ್ ಠಾಣೆಯ ಅಧಿಕಾರಿ, ಅಂದರೆ ಅಮೀನ್ ಸಾಹೇಬರು. ದೊಡ್ಡಮಾವನವರನ್ನೂ ಸೇರಿಸಿ ಮೂವರು ಎನ್ನೋಣವೆಂದರೆ, ಅವರಿಗೇ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು!

ದೊಡ್ಡಮಾವ ಎಂದರೆ ನನ್ನ ಗಂಡನ ದೊಡ್ಡಪ್ಪ. ನಾನು ರಾಯಚೂರಿನಿಂದ ಸೊಸೆಯಾಗಿ ಬಂದಾಗ ಆ ಮನೆಯಲ್ಲಿದ್ದವರು ಮೂರೇ ಜನ: ನನ್ನ ಗಂಡ, ವಿಧವೆಯಾದ ನಮ್ಮ ಅತ್ತೆ ಮತ್ತು ಈ ದೊಡ್ಡಮಾವ. ಅವರ ಹೆಂಡತಿ ನಾನು ಬರುವ ಆರು ವರ್ಷ ಮೊದಲೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ವಯಸ್ಸಿನಲ್ಲಿದ್ದಾಗ ನೇಕಾರರಿಗೆ ಸೀರೆಯ ಸೆರಗಿನ ನಕ್ಷೆ ಬರೆದುಕೊಡುತ್ತಿದ್ದರಂತೆ. ಆಮೇಲೆ ಸೀರೆ ಅಂಗಡಿಯನ್ನು ನನ್ನ ಗಂಡನಿಗೆ ಒಪ್ಪಿಸಿ ತಾವು ಮನೆಯ ಮುಂದಿನ ಕಟ್ಟೆ ಹಿಡಿದರು. ಕಟ್ಟೆ ಹಿಡಿದ ಹಿರಿಯರು ಏನು ಮಾಡುತ್ತಾರೆ? ನಶ್ಯ ಏರಿಸುತ್ತಾರೆ, ಹೋಗಿಬರುವವರನ್ನು ಬೈಯುತ್ತಾರೆ, ಕೂತಲ್ಲೇ ತೂಕಡಿಸುತ್ತಾರೆ. ನಮ್ಮ ದೊಡ್ಡಮಾವ ಕಾದಂಬರಿ ಬರೆದರು!

ಕಾದಂಬರಿ ಎಂದರೇನೆಂದು ಆ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಅತ್ತೆ ಬಹಳ ದಿನ ಅದನ್ನು ಯಾವುದೋ ಹೊಸ ಸೀರೆಯ ಹೆಸರೆಂದೇ ತಿಳಿದಿದ್ದರು. ಹೋಗಲಿ, ಅದರಲ್ಲಿ ರಾಜರಾಣಿಯರಾದರೂ ಇದ್ದರೇ? ಇಲ್ಲ. ಶರಣರ ಚರಿತ್ರೆಯೇ? ಅದೂ ಅಲ್ಲ. ಇನ್ನೂರು ವರ್ಷ ಕಳೆದ ಮೇಲಿನ ಒಂದು ಊರು. ಆ ಊರನ್ನು ಆಳುವುದು ಒಂದು ಯಂತ್ರ. ಅದರ ಹೆಸರು ಮಹಾಮತಿ. ಜನ ಎಷ್ಟೊತ್ತಿಗೆ ಏಳಬೇಕು, ಏನು ಉಣ್ಣಬೇಕು, ಯಾರನ್ನು ಮದುವೆಯಾಗಬೇಕು, ಸತ್ತವರಿಗಾಗಿ ಎಷ್ಟು ದಿನ ಅಳಬೇಕು, ಎಲ್ಲ ಅದೇ ಹೇಳುತ್ತದೆ. ನಮ್ಮ ಪೇಟೆಯಲ್ಲಿ ಆಗ ಬೀದಿಗೊಂದು ಕಂದೀಲು ಸರಿಯಾಗಿ ಉರಿಯುತ್ತಿರಲಿಲ್ಲ. ಇವರು ನೋಡಿದರೆ ಯೋಚನೆ ಮಾಡುವ ಯಂತ್ರದ ಬಗ್ಗೆ ಬರೆಯುತ್ತಿದ್ದಾರೆ! ನೆರೆಮನೆಯ ಸಾಹುಕಾರರು ಕತೆಯೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರಂತೆ: "ಅದಕ್ಕ ದಿನಾ ಎಷ್ಟು ಎಣ್ಣಿ ಬೇಕಾಗ್ತೈತ್ರಿ?"

ಇಂಥ ವಿಚಾರ ಅವರ ತಲೆಗೆ ಹೊಕ್ಕಿದ್ದು ಸೊಲ್ಲಾಪುರದಲ್ಲಿ. ಯಾವುದೋ ಕೆಲಸಕ್ಕೆ ಹೋದವರು ಅಲ್ಲೊಂದು ಹೊಸ ಮಗ್ಗ ನೋಡಿದರು. ಅದರ ನೆತ್ತಿಯ ಮೇಲೆ ತೂತು ಹೊಡೆದ ರಟ್ಟುಗಳ ಸರ. ರಟ್ಟು ಒಂದೊಂದಾಗಿ ಇಳಿಯುತ್ತದೆ, ತೂತಿಗೆ ತಕ್ಕಂತೆ ಎಳೆಗಳು ತಾವೇ ಏಳುತ್ತವೆ, ಬಟ್ಟೆಯಲ್ಲಿ ಗಿಳಿ ಮೂಡುತ್ತದೆ. ದೊಡ್ಡಮಾವ ಬೆರಗಾಗಿ ನೇಕಾರನನ್ನು ಕೇಳಿದರಂತೆ, "ಮುಂದಿನ ಸಾಲಿನ್ಯಾಗ ಗಿಳಿ ಕಣ್ಣು ಬರ್ತದೋ, ಕೊಕ್ಕು ಬರ್ತದೋ?" ಅವನು ತೂಕಡಿಸುತ್ತಲೇ, "ನನಗೇನು ಗೊತ್ರಿ? ರಟ್ಟಿಗೆ ಗೊತ್ತು" ಎಂದನಂತೆ.

ಈ ಮಾತು ಅವರಿಗೆ ಅಂಗಾಲಿನ ಮುಳ್ಳಾಯಿತು. ನಮ್ಮೂರ ನೇಕಾರ ಎದೆಯಲ್ಲಿ ಗಿಳಿ ಇಟ್ಟುಕೊಂಡು ನೇಯುತ್ತಾನೆ. ಅಲ್ಲಿ ಗಿಳಿ ರಟ್ಟಿಗೆ ಗೊತ್ತು, ಮನುಷ್ಯನಿಗೆ ಗೊತ್ತಿಲ್ಲ. ಇವತ್ತು ಗಿಳಿ ಗೊತ್ತಾದ ರಟ್ಟಿಗೆ ನಾಳೆ ನಮ್ಮ ಹಸಿವೆ ಗೊತ್ತಾಗುತ್ತದೆ, ನಾಡಿದ್ದು ನಮ್ಮ ದುಃಖ ಗೊತ್ತಾಗುತ್ತದೆ. ಆಮೇಲೆ ನಮಗೇನು ಕೆಲಸ? ರೈಲಿನಲ್ಲಿ ಮರಳಿ ಬರುವಷ್ಟರಲ್ಲಿ ಮೊದಲ ಅಧ್ಯಾಯ ತಲೆಯೊಳಗೆ ಸಿದ್ಧವಾಗಿತ್ತು.

ಬರೆಯುವುದೇನೋ ಬರೆದರು, ಓದುವವರು ಯಾರು? ನಮ್ಮ ಕಡೆ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು. ಶಾಲೆಗೆ ಹೋದವರು ಉರ್ದು ಕಲಿತಿದ್ದರು, ಹೋಗದವರು ಏನೂ ಕಲಿತಿರಲಿಲ್ಲ. ಹೀಗಾಗಿ ದೊಡ್ಡಮಾವ ತಾವೇ ಓದಿ ಹೇಳಬೇಕಾಯಿತು. ಕೈಗೆ ಸಿಕ್ಕವರಿಗೆಲ್ಲ ಹೇಳಿದರು. ಮೊಸರಿನವಳು ಓಣಿ ಬದಲಿಸಿದಳು. ಬಾಕಿ ಉಳಿದವನು ಕ್ಷೌರಿಕ. ಅವನಾದರೂ ಓಡಿಹೋಗುವಂತಿಲ್ಲವಲ್ಲ! ಕೈಯಲ್ಲಿ ಗಡ್ಡ ಇದೆ. ಆದರೆ ಓದಿದಂತೆಲ್ಲ ಗದ್ದ ಅಲ್ಲಾಡುತ್ತದೆ. ಅವನು ಮೂರು ಸಲ "ಸಾಮೀ, ಗಡ್ಡಂ ಕದುಲುತಾ ಉಂದಿ" ಎಂದು ತೆಲುಗಿನಲ್ಲಿ ಬೇಡಿಕೊಂಡ. ನಾಲ್ಕನೆಯ ಸಲ ಬಿಸಿನೀರು ತರುತ್ತೇನೆಂದು ಎದ್ದು ಹೋದವನು ಎರಡು ದಿನ ಬರಲೇ ಇಲ್ಲ. ದೊಡ್ಡಮಾವ ಅರ್ಧ ಗಡ್ಡದಲ್ಲೇ ಎರಡನೆಯ ಅಧ್ಯಾಯ ಮುಗಿಸಿದರು.

ನಾನು ಸಿಕ್ಕಿಬಿದ್ದದ್ದು ಹೀಗೆ. ಒಂದು ದಿನ ಜೋಳ ಕೇರುತ್ತಿದ್ದಾಗ ಗಾಳಿಗೆ ಹಾರಿಬಂದ ಹಾಳೆಯೊಂದು ನನ್ನ ಮೊರದಲ್ಲಿ ಬಿತ್ತು. ರಾಯಚೂರಿನಲ್ಲಿ ನಮ್ಮಪ್ಪ ಮನೆಯ ಪಡಸಾಲೆಯಲ್ಲೇ ಕನ್ನಡ ಶಾಲೆ ನಡೆಸುತ್ತಿದ್ದರು, ಓದು ಬರಹ ನನಗೆ ಅಲ್ಲೇ ಅಂಟಿತ್ತು. ಹಾಳೆ ನೋಡಿದೆ. ಯಂತ್ರ ಎಂಬುದನ್ನು ಉದ್ದಕ್ಕೂ "ಎಂತ್ರ" ಎಂದು ಬರೆದಿದ್ದರು. ಮಾಸ್ತರರ ಮಗಳ ಕೈ ಸುಮ್ಮನಿರುತ್ತದೆಯೇ? ಒಲೆಯ ಇದ್ದಿಲ ಚೂರಿನಿಂದ ತಿದ್ದಿ, ಹಾಳೆಯನ್ನು ಕಟ್ಟೆಯ ಹತ್ತಿರ ಇಟ್ಟು ಬಂದೆ.

ಸ್ವಲ್ಪ ಹೊತ್ತಿಗೆ ಗುಡುಗು.

"ಇದನ್ನ ತಿದ್ದಿದವರು ಯಾರು?"

ಅತ್ತೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ನನ್ನನ್ನು ರಾಯಚೂರಿಗೆ ಕಳಿಸುವ ಬಂಡಿ ಆಗಲೇ ಕಟ್ಟಿ ನಿಂತಿತ್ತು. ನಾನು ಬಾಗಿಲ ಮರೆಯಿಂದ, "ನಾನ್ರೀ ಮಾವಾರ. ತಪ್ಪಾಯ್ತ್ರಿ" ಎಂದೆ.

ಆಚೆ ಕಡೆ ಹಾಳೆ ತಿರುವಿದ ಸದ್ದು. ಆಮೇಲೆ ಬಂದ ದನಿ ಬೇರೆಯೇ ಆಗಿತ್ತು. "ತಪ್ಪು ನಿಂದಲ್ಲವಾ, ನಂದು. ಇನ್ನೂ ಎಷ್ಟು ತಪ್ಪು ಅದಾವ, ನೋಡಿ ಹೇಳ್ತೀಯೇನು?" ಬಾಗಿಲ ಸಂದಿಯಿಂದ ಒಂದು ಕೈ ಒಳಗೆ ಬಂತು. ಅದರಲ್ಲಿ ಸೀರೆಯ ನೂಲಿನಿಂದ ಕಟ್ಟಿದ ನಲವತ್ತು ಹಾಳೆ!

ಅಲ್ಲಿಂದ ನಮ್ಮ ವ್ಯವಹಾರ ಶುರುವಾಯಿತು. ಅಡಿಗೆಮನೆಯ ಗೋಡೆಯಲ್ಲಿ ಒಂದು ಗೂಡಿತ್ತು. ಅವರು ಬೆಳಿಗ್ಗೆ ಅದರಲ್ಲಿ ಹಾಳೆ ಇಡುವರು, ನಾನು ಮಧ್ಯಾಹ್ನ ಓದಿ ತಿದ್ದಿ ಇಡುವೆ. ಆಮೇಲೆ ಬಾಗಿಲ ಆಚೆ ಅವರು, ಈಚೆ ನಾನು. ಹೊಸ ಸೊಸೆ ಹಿರಿಯರ ಎದುರು ನಿಲ್ಲುವಂತಿರಲಿಲ್ಲ, ಆದರೆ ಬಾಗಿಲ ಜೊತೆ ಮಾತಾಡಬಾರದೆಂದು ಯಾವ ಶಾಸ್ತ್ರದಲ್ಲಿದೆ?

"ಮಾವಾರ, ಕತಿ ನಾಯಕಗ ಚೆನ್ನಪ್ಪ ಅಂತ ಹೆಸರಿಟ್ಟೀರಿ. ಇನ್ನೂರು ವರ್ಷ ಆದಮ್ಯಾಲೂ ಚೆನ್ನಪ್ಪ ಅಂತ ಹೆಸರು ಇರ್ತೈತೇನ್ರಿ?"

"ಇರ್ತೈತವಾ. ಊರಾಗ ಗಂಡಸ್ರೆಲ್ಲಾ ಚೆನ್ನಪ್ಪಗಳೇ. ಮಹಾಮತಿಗೆ ಒಂದು ಹೆಸರು ಚಲೋ ಅನ್ನಿಸ್ತು, ಎಲ್ಲಾರಿಗೂ ಅದನ್ನೇ ಇಟ್ಟುಬಿಡ್ತು."

"ಮತ್ತ ಯಾರರೆ ಚೆನ್ನಪ್ಪಾ ಅಂತ ಕರದರ?"

"ಯಾರೂ ಕರೆಯಂಗಿಲ್ಲ. ಕರೆಯೋ ಕೆಲಸನೂ ಅದೇ ಮಾಡ್ತೈತಿ."

ನಗುವಿಗೆಂದು ಹೇಳಿದ ಮಾತು. ನಾನು ಬಾಯಿಗೆ ಸೆರಗು ಒತ್ತಿ ನಕ್ಕೆ. ಆದರೆ ಅವತ್ತು ರೊಟ್ಟಿ ತಟ್ಟುವಾಗ ಯಾಕೋ ಕಣ್ಣಲ್ಲಿ ನೀರು ಬಂತು. ತವರಿನಲ್ಲಿ ದಿನಕ್ಕೆ ನೂರು ಸಲ ನನ್ನ ಹೆಸರು ಕೇಳುತ್ತಿದ್ದೆ. ಇಲ್ಲಿ ಗಂಡ ಹೆಸರು ಹಿಡಿದು ಕರೆಯುವಂತಿಲ್ಲ, ಅತ್ತೆಗೆ "ಏ" ಎಂದರೆ ಸಾಕಾಗುತ್ತಿತ್ತು.

ಹೀಗಿರುವಾಗ ಊರಿಗೊಂದು ಹೊಸ ಸುದ್ದಿ ಹುಟ್ಟಿತು. ದೊಡ್ಡಮಾವನವರಿಗೆ ಬರೆಯುವಾಗ ಬಾಯಿಬಿಟ್ಟು ಮಾತಾಡುವ ರೂಢಿ. "ಊಹೂಂ, ಇದನ್ನ ಮಹಾಮತಿ ಒಪ್ಪಂಗಿಲ್ಲ... ಮಹಾಮತಿಗೆ ತಿಳೀದಂಗ ಹೆಂಗ ಹೋಗೋದು?" ನೀರಿಗೆ ಹೋಗುವ ಹೆಂಗಸರ ಕಿವಿಗೆ ಇದು ಬಿತ್ತು. ಎಂಟು ದಿನದಲ್ಲಿ ಮಹಾಮತಿಗೆ ಹತ್ತಿರದ ಮಕ್ತಲ ಊರಿನಲ್ಲಿ ಒಂದು ಮನೆಯಾಯಿತು! ಅವಳು ಗಂಡ ಸತ್ತವಳು, ಬೆಳ್ಳಗಿದ್ದಾಳೆ, ಎಲೆಅಡಿಕೆ ಜಗಿಯುತ್ತಾಳೆ. ಒಬ್ಬಾಕೆಯಂತೂ ಸಂತೆಯಲ್ಲಿ ಅವಳನ್ನು ಕಣ್ಣಾರೆ ನೋಡಿ, ಅವಳ ಮೂಗುತಿ ಬಲಗಡೆಗಿತ್ತೆಂದು ಆಣೆ ಮಾಡಿ ಹೇಳಿದಳು.

ಸುದ್ದಿ ಕೃಷ್ಣಾ ನದಿ ದಾಟಿ ಗದ್ವಾಲ ಮುಟ್ಟಿತು. ಅಲ್ಲಿ ದೊಡ್ಡಮಾವನವರ ತಂಗಿ ಇದ್ದರು. ಬಂಡಿ ಕಟ್ಟಿಸಿಕೊಂಡು ಬಂದವರೇ ಅಂಗಳದಲ್ಲಿ ಕೂತು ಎದೆ ಬಡಿದುಕೊಂಡರು.

"ಅಣ್ಣಾ, ಈ ವಯಸ್ಸಿನ್ಯಾಗ ನಿನಗಿದು ಬೇಕಾಗಿತ್ತೇನೋ? ಯಾರಾಕಿ ಮಹಾಮತಿ?"

"ಆಕಿ ಅಲ್ಲವಾ, ಅದು."

"ಹೆಣ್ಣುಮಗಳಿಗೆ ಅದು ಅಂತೀಯಲ್ಲೋ!"

"ಹೆಣ್ಣುಮಗಳಲ್ಲ. ಅದು ಕಬ್ಬಿಣದ್ದು."

ತಂಗಿ ಅಳು ನಿಲ್ಲಿಸಿ ಅಣ್ಣನ ಮುಖವನ್ನು ನೋಡಿದರು. ಆಮೇಲೆ ಮೊದಲಿಗಿಂತ ಜೋರಾಗಿ ಅತ್ತರು. ಹೆಂಗಸಿನ ಮಾತಾಗಿದ್ದರೆ ಬುದ್ಧಿ ಹೇಳಬಹುದಿತ್ತು, ಕಬ್ಬಿಣಕ್ಕೆ ಏನು ಹೇಳುವುದು? ಗದ್ವಾಲಕ್ಕೆ ಕರೆದುಕೊಂಡು ಹೋಗಿ ನಾಲ್ಕು ದಿನ ಇಟ್ಟುಕೊಂಡರೆ ಸರಿಹೋಗಬಹುದೆಂದು ಹಟ ಹಿಡಿದರು. ದೊಡ್ಡಮಾವ ತಕ್ಷಣ ಒಪ್ಪಿದರು! ಗದ್ವಾಲ ಎಂದರೆ ಪಂಡಿತರ ಊರು, ಕೇಳುವವರು ಅಲ್ಲಾದರೂ ಸಿಕ್ಕಾರು ಎಂಬ ಆಸೆ. ಮಕ್ತಲದವರೆಗೆ ಬಂಡಿ, ಅಲ್ಲಿಂದ ಮುಂದೆ ಹೊಳೆಗೆ ಹರಿಗೋಲು. ನೀರು ಜೋರಾಗಿದೆ, ಸ್ವಲ್ಪ ಭಾರ ಇಳಿಸಿ ಎಂದು ಹರಿಗೋಲಿನವನು ಹೇಳಿದಾಗ ದೊಡ್ಡಮಾವ ತಂಗಿಯನ್ನು ಇಳಿಸಲು ಮುಂದಾದರಂತೆ, ಕಾದಂಬರಿಯ ಗಂಟನ್ನಲ್ಲ.

ಗದ್ವಾಲದ ಪಂಡಿತರು ಮರ್ಯಾದೆಯಿಂದ ಕೂಡಿಸಿದರು, ಹಾಲು ಕೊಟ್ಟರು, ಕೇಳಿದರು. ಒಬ್ಬರು, "ಇದು ಯಾವ ಛಂದಸ್ಸಿನಲ್ಲಿದೆ?" ಎಂದರು. ಯಾವುದರಲ್ಲೂ ಇಲ್ಲ ಎಂದರೆ ಅವರಿಗೆ ಕನಿಕರವಾಯಿತು. ಇನ್ನೊಬ್ಬರು ಕಣ್ಣುಮುಚ್ಚಿ ಕೇಳುತ್ತಿದ್ದರು. ತನ್ಮಯರಾಗಿದ್ದಾರೆ ಎಂದು ದೊಡ್ಡಮಾವ ಹಿಗ್ಗಿದರು. ಗೊರಕೆ ಬರುವತನಕ ಹಿಗ್ಗು ಉಳಿದಿತ್ತು. ಎಲ್ಲ ಮುಗಿದ ಮೇಲೆ ಮುಪ್ಪಿನ ಪಂಡಿತರೊಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಯಂತ್ರ ಬಹಳ ಶಕ್ತಿಶಾಲಿ ಇದ್ದಂತಿದೆ. ತಾಮ್ರದ ತಗಡಿನ ಮೇಲೆ ಬರೆಯಬೇಕೋ, ಬೆಳ್ಳಿಯ ಮೇಲೋ? ಮಗಳಿಗೆ ಚಳಿಜ್ವರ ಬಿಟ್ಟಿಲ್ಲ."

ಪಾಪ, ಇವರಾದರೂ ಏನು ಮಾಡಬೇಕು? ತಾಮ್ರದ್ದೇ ಸಾಕೆಂದು ಹೇಳಿ ಮರಳಿ ಹೊಳೆ ದಾಟಿದರು.

ಊರಿಗೆ ಬಂದವರು ಒಂದು ನಿರ್ಧಾರ ಮಾಡಿಯೇ ಬಂದಿದ್ದರು. ಹೇಳಿದರೆ ಯಾರಿಗೂ ತಿಳಿಯುವುದಿಲ್ಲ, ಮಾಡಿಯೇ ತೋರಿಸಬೇಕು. ಅಂಗಡಿಯಿಂದ ಸೀರೆ ಪೆಟ್ಟಿಗೆಯ ರಟ್ಟು ತರಿಸಿ, ಚೀಟಿಯ ಅಳತೆಗೆ ಕತ್ತರಿಸಿ, ದಬ್ಬಳದಿಂದ ತೂತು ಹೊಡೆದರು. ಎಂಟು ದಿನ ಅವರೇ ಮಹಾಮತಿ! ಬೆಳಿಗ್ಗೆ ಎದ್ದು ಪ್ರತಿಯೊಬ್ಬರೂ ಗೂಡಿನಲ್ಲಿರುವ ತಮ್ಮ ರಟ್ಟುಗಳನ್ನು ನೋಡಿ ಅವುಗಳಂತೆ ನಡೆಯಬೇಕು. ಒಂದು ತೂತಿಗೆ ಸ್ನಾನ, ಎರಡಕ್ಕೆ ರೊಟ್ಟಿ, ಮೂರಕ್ಕೆ ಅನ್ನ, ನಾಲ್ಕಕ್ಕೆ ಪುಂಡಿಪಲ್ಯ, ಐದಕ್ಕೆ ಮೌನ.

ಮೊದಲ ದಿನವೇ ನನ್ನ ಗಂಡನ ಪಾಲಿಗೆ ಐದು ತೂತು ಬಂತು. ಅಂಗಡಿಗೆ ಬಂದ ಗಿರಾಕಿಗಳ ಮುಂದೆ ಅವರು ಮೂಕನಂತೆ ಕೂತರು. ವ್ಯಾಪಾರ ಎಂದಿಗಿಂತ ಚೆನ್ನಾಗಿ ಆಯಿತು! ಇವರು ಬಾಯಿ ತೆರೆದರೇ ಗಿರಾಕಿ ಎದ್ದು ಹೋಗುತ್ತಿದ್ದರೆಂದು ಅವತ್ತು ನಮಗೆಲ್ಲ ಗೊತ್ತಾಯಿತು. ನನಗೆ ಒಂದೇ ದಿನ ಮೂರು ಸಲ ಸ್ನಾನ ಬಂದು ನೆಗಡಿಯಾಯಿತು. ಎಂಟು ದಿನದ ಆಟ ಐದಕ್ಕೇ ಸಾಕೆಂದು ದೊಡ್ಡಮಾವ ನಿಲ್ಲಿಸಿದರು. ಇನ್ನು ಎಲ್ಲರೂ ತಮ್ಮ ಹತ್ತಿರ ಬಂದು, "ಅಬ್ಬಾ, ಇಂಥ ರಾಜ್ಯ ಬ್ಯಾಡ್ರಿ" ಎನ್ನುತ್ತಾರೆಂದು ಕಟ್ಟೆಯ ಮೇಲೆ ಕಾದು ಕೂತರು.

ಆರನೆಯ ದಿನ ಬೆಳಿಗ್ಗೆ ಅತ್ತೆ ಗೂಡಿನ ಮುಂದೆ ನಿಂತಿದ್ದರು. ಅವರು ಭಾವನ ಜೊತೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಏನಿದ್ದರೂ ನನ್ನ ಮೂಲಕ.

"ಕೇಳು ಅವರನ್ನ, ಇವತ್ತಿನ ರಟ್ಟು ಎಲ್ಲೈತಿ ಅಂತ."

"ಆಟ ಮುಗೀತಂತ್ರಿ ಅತ್ತಿಯಾರ."

"ಯಾಕ ಮುಗೀತು?" ಅತ್ತೆಯ ಕಣ್ಣಲ್ಲಿ ನೀರೇ ಬರುವಂತಿತ್ತು. "ನಲವತ್ತು ವರ್ಷ ಆತು, ದಿನಾ ಎದ್ದಕೂಡ್ಲೆ ಇವತ್ತು ಏನು ಅಡಿಗಿ ಮಾಡ್ಲಿ ಅಂತ ತಲಿ ಕೆಡಿಸ್ಕೊಂಡೀನಿ. ಒಬ್ಬರರೆ ಇದು ಮಾಡು ಅಂತ ಹೇಳಿಲ್ಲ. ಮಾಡಿದಮ್ಯಾಲ ಇದ್ಯಾಕ ಮಾಡಿದಿ ಅಂತ ಕೇಳೋರೇ ಎಲ್ಲಾರೂ. ಈ ಐದು ದಿನ ನಾ ಎಷ್ಟು ಸುಖದಾಗಿದ್ದೆ ಗೊತ್ತೈತೇನು? ಅವರಿಗೆ ಹೇಳು, ನನಗ ಒಬ್ಬಾಕಿಗರೆ ರಟ್ಟು ಇಡ್ರಿ ಅಂತ."

ಕಟ್ಟೆಯ ಮೇಲಿದ್ದವರಿಗೆ ಇದೆಲ್ಲ ಕೇಳಿಸಿತ್ತು. ಅವತ್ತು ಮಧ್ಯಾಹ್ನ ಬಾಗಿಲ ಆಚೆಯ ದನಿ ಬಹಳ ಇಳಿದಿತ್ತು. "ಮಹಾಮತಿ ಸಿಪಾಯಿಗಳನ್ನ ಇಟ್ಟು ಜುಲುಮಿ ಮಾಡ್ತೈತಿ ಅಂತ ಬರದಿದ್ದೆನವಾ. ಸುಳ್ಳು ಬರದೀನಿ. ಸಿಪಾಯಿಗಳು ಬೇಕಾಗೂದಿಲ್ಲ. ದಣಿದ ಮಂದಿ ತಾವೇ ಹೋಗಿ ಬಾಗಿಲು ಬಡೀತಾರ." ಅರವತ್ತು ಹಾಳೆ ಹರಿದು ಒಲೆಗೆ ಹಾಕಲು ಕೊಟ್ಟರು. ಹೊಸದಾಗಿ ಬರೆಯತೊಡಗಿದರು. ಕಾದಂಬರಿಯೊಳಗಿನ ಸಿಪಾಯಿಗಳೆಲ್ಲ ನೌಕರಿ ಕಳೆದುಕೊಂಡರು.

ಅದೇ ವಾರ ನಿಜವಾದ ಸಿಪಾಯಿ ಬಂದ! ಠಾಣೆಯ ಜವಾನ ಬಾಗಿಲಲ್ಲಿ ನಿಂತು, "ಅಮೀನ್ ಸಾಬ್ ಬರಾಕ ಹೇಳ್ಯಾರ. ಕಿತಾಬೂ ತರಬೇಕಂತ" ಎಂದ. ಗದ್ವಾಲದ ಓದಿನ ಸುದ್ದಿ ಬಾಯಿಂದ ಬಾಯಿಗೆ ದಾಟುತ್ತ ಬಣ್ಣ ಏರಿಸಿಕೊಂಡಿತ್ತು. ಪೇಟೆಯಲ್ಲಿ ಒಬ್ಬ ಮುದುಕ ಸರ್ಕಾರವನ್ನು ಇಳಿಸಿ ಅದರ ಜಾಗದಲ್ಲಿ ಬೇರೊಬ್ಬರನ್ನು ಕೂಡಿಸಿ ಪುಸ್ತಕ ಬರೆಯುತ್ತಿದ್ದಾನೆ! ನಾಲ್ಕು ಜನ ಸೇರಿ ಸಭೆ ಮಾಡಬೇಕಾದರೂ ಅಪ್ಪಣೆ ಬೇಕಾಗಿದ್ದ ಕಾಲ ಅದು. ಅತ್ತೆ ಅಳುತ್ತಲೇ ವಿಭೂತಿ ಗಟ್ಟಿ ನನ್ನ ಕೈಗೆ ಕೊಟ್ಟು ಕಟ್ಟೆಗೆ ಕಳಿಸಿದರು. ನಾನು ಉಳಿದ ಹಾಳೆಗಳನ್ನು ಜೋಳ ತುಂಬಿಡುವ ಗುಮ್ಮಿಯಲ್ಲಿ ಹೂತಿಟ್ಟೆ. ನನ್ನ ಗಂಡ ದೊಡ್ಡಪ್ಪನ ಜೊತೆ ಹೊರಟರು. ಅಲ್ಲಿ ನಡೆದದ್ದನ್ನು ಆಮೇಲೆ ನಮಗೆ ಹೇಳಿದವರು ಅವರೇ.

ಅಮೀನ್ ಸಾಹೇಬರು ಹೈದರಾಬಾದ್ ಶಹರದವರು. ಕನ್ನಡ ಬಾರದು. ಠಾಣೆಯಲ್ಲಿ ಕನ್ನಡ ಓದುವವರು ಯಾರೂ ಇಲ್ಲ. ಹೀಗಾಗಿ ಆರೋಪಿಯೇ ತನ್ನ ಅಪರಾಧವನ್ನು ಓದಿ, ಉರ್ದುವಿನಲ್ಲಿ ತಿಳಿಸಿ ಹೇಳಬೇಕೆಂದು ಹುಕುಂ ಆಯಿತು. ದೊಡ್ಡಮಾವನವರಿಗೆ ಇನ್ನೇನು ಬೇಕು! ಜೀವಮಾನದಲ್ಲಿ ಮೊದಲ ಸಲ ಕೇಳುವವರು ಎದ್ದು ಹೋಗದ ಜಾಗ ಸಿಕ್ಕಿತ್ತು.

ಅರ್ಧ ಗಂಟೆಯಾದ ಮೇಲೆ ಅಮೀನರು ಕೈಯೆತ್ತಿ ತಡೆದರು. "ಠೈರೋ. ಈ ಮಿಶೀನಿನ ಹತ್ತಿರ ಸಿಫಾರಸು ನಡೆಯುತ್ತದೆಯೋ?"

"ನಡೆಯೋದಿಲ್ಲ, ಸಾಬ್."

"ದೊಡ್ಡವರ ಚೀಟಿ ತಂದರೆ?"

"ಅದಕ್ಕೆ ದೊಡ್ಡವರು ಚಿಕ್ಕವರು ಗೊತ್ತಿಲ್ಲ."

"ತೌಬಾ!" ಎಂದರು ಅಮೀನರು. "ಹಾಗಾದರೆ ಜನ ಬದುಕುವುದು ಹೇಗೆ?"

"ಅದನ್ನೇ ಬರೀತಾ ಇದೀನಿ, ಸಾಬ್."

ಅಮೀನರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರಂತೆ. ಅವತ್ತಿನ ಹಾಳೆಗಳು ಮುಗಿದಾಗ ಚೆನ್ನಪ್ಪ ಮಹಾಮತಿಯ ಕಣ್ಣು ತಪ್ಪಿಸಿ ಊರ ಹೊರಗಿನ ಗುಡ್ಡ ಹತ್ತುತ್ತಿದ್ದ. "ಆಗೇ ಕ್ಯಾ ಹುವಾ?" ಎಂದರು ಅಮೀನರು. ಮುಂದಿನದು ಮನೆಯಲ್ಲಿ ಇದೆ ಎಂದರು ದೊಡ್ಡಮಾವ. ಅಮೀನರು ಗಂಟಲು ಸರಿಪಡಿಸಿಕೊಂಡು, ಜವಾನರಿಗೆ ಕೇಳುವಂತೆ ಹೇಳಿದರು: "ತನಿಖೆ ಮುಗಿದಿಲ್ಲ. ಬರುವ ಶುಕ್ರವಾರ ಮುಂದಿನ ಅಧ್ಯಾಯದ ಸಮೇತ ಹಾಜರಾಗತಕ್ಕದ್ದು!"

ತನಿಖೆ ಏಳು ತಿಂಗಳು ನಡೆಯಿತು. ಪ್ರತಿ ಶುಕ್ರವಾರ ದೊಡ್ಡಮಾವ ಒಗೆದ ಧೋತರ ಉಟ್ಟು, ರುಮಾಲು ಸುತ್ತಿ, ಕಂಕುಳಲ್ಲಿ ಗಂಟು ಹಿಡಿದು ಠಾಣೆಗೆ ಹೊರಡುತ್ತಿದ್ದರು. ಮದುವೆಗೆ ಹೊರಟವರ ಕಳೆ ಮುಖದ ಮೇಲೆ! ಇಷ್ಟು ದಿನ ಠಾಣೆಗೆ ಹೋಗಿಯೂ ಬಿಡುಗಡೆಯಾಗಿ ಬರುವವನು ಸಾಮಾನ್ಯ ಅಪರಾಧಿ ಇರಲಾರನೆಂದು ಊರು ಮಾತಾಡಿಕೊಂಡಿತು. ಕ್ಷೌರಿಕ ಕರೆಯದಿದ್ದರೂ ಬಂದು ಗಡ್ಡ ಪೂರ್ತಿ ಹೆರೆದು ಹೋಗತೊಡಗಿದ.

ಅಮೀನರ ಹೆಂಡತಿ ಮಕ್ಕಳು ಶಹರದಲ್ಲಿದ್ದರು. ಈ ಧೂಳಿನ ಊರಿಗೆ ಬರಲು ಬೇಗಂ ಸಾಹೇಬರು ಒಪ್ಪಿರಲಿಲ್ಲವಂತೆ. ಚಹಾ ತಾವೇ ಮಾಡಿ, ಎರಡು ಬಟ್ಟಲಿಗೆ ಬಗ್ಗಿಸಿ, "ಬೋಲೋ ಚಾಚಾ" ಎಂದು ಕೂಡುತ್ತಿದ್ದರು. ದೊಡ್ಡಮಾವ ಹೊರಗೆ ನೀರು ಮುಟ್ಟುವವರಲ್ಲ. ಆ ಚಹಾವನ್ನು ಏನು ಮಾಡುತ್ತಿದ್ದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೀಗಿರುತ್ತಲೇ ಅಮೀನರಿಗೆ ವರ್ಗವಾಯಿತು, ಎಲ್ಲೋ ಬಹಳ ದೂರ. ಹೊರಡುವ ದಿನ ಅವರೇ ನಮ್ಮ ಮನೆಗೆ ಬಂದರು. ಕಟ್ಟೆಯ ಮೇಲೆ ದೊಡ್ಡಮಾವನವರ ಪಕ್ಕದಲ್ಲಿ ಕೂತು, "ಕೊನೆಗೆ ಏನಾಗುತ್ತದೆ ಚಾಚಾ? ಅಷ್ಟು ಹೇಳಿಬಿಡಿ, ಹೋಗುತ್ತೇನೆ" ಎಂದರು.

"ನನಗೇ ಗೊತ್ತಿಲ್ಲ, ಸಾಬ್."

"ಬರೆದ ಮೇಲೆ ಕಾಗದ ಹಾಕುತ್ತೀರಾ?"

ಹಾಕುತ್ತೇನೆ ಎಂದರು ದೊಡ್ಡಮಾವ. ಆದರೆ ಕನ್ನಡದಲ್ಲಿ ಹಾಕಿದರೆ ಅಲ್ಲಿ ಓದುವವರು ಯಾರು? ಇಬ್ಬರಿಗೂ ಅದು ಹೊಳೆದಿರಬೇಕು. ಅಮೀನರು ಎದ್ದು ಹೊರಟರು. ಹೊಸ ಅಮೀನರು ಬಂದರು. ಅವರಿಗೆ ಕತೆಗಳ ಗೊಡವೆ ಇರಲಿಲ್ಲ. ಮುಂದಿನ ಶುಕ್ರವಾರ ದೊಡ್ಡಮಾವ ರೂಢಿಯಂತೆ ರುಮಾಲು ಸುತ್ತಿದರು, ಅಂಗಳದವರೆಗೆ ಹೋದರು, ಅಲ್ಲಿ ನಿಂತು ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬಂದರು.

ನಾನಾದರೂ ಇದ್ದೆನಲ್ಲ ಎನ್ನುತ್ತೀರಾ? ನಾನಿರಲಿಲ್ಲ. ಆ ಹೊತ್ತಿಗೆ ಬಾಣಂತನಕ್ಕೆ ರಾಯಚೂರಿಗೆ ಹೋದೆ. ಐದು ತಿಂಗಳಾದ ಮೇಲೆ ಮಗಳನ್ನು ಎತ್ತಿಕೊಂಡು ಬಂದೆ. ಬಂದ ಮೇಲೆ ಕೂಸಿನ ಅಳು, ಕೂಸಿನ ನೀರು, ಕೂಸಿನ ನಿದ್ದೆ. ಗೂಡಿನಲ್ಲಿ ಹಾಳೆಗಳ ಒಂದು ಕಟ್ಟು ಇತ್ತು. ನಾಳೆ ಓದಿದರಾಯಿತು ಎಂದೆ. ಆ ನಾಳೆಯ ಮೇಲೆ ಧೂಳು ಕೂತಿತು. ದೊಡ್ಡಮಾವ ಓದಿದೆಯೇನವಾ ಎಂದು ಕೇಳಲಿಲ್ಲ. ಹೊತ್ತಿಗೆ ಸರಿಯಾಗಿ ಒಳಗೆ ಬಂದು, ಬಡಿಸಿದ್ದನ್ನು ಉಂಡು, ಕಟ್ಟೆಗೆ ಹೋಗುತ್ತಿದ್ದರು. ಅವರು ತಾವೇ ಮಾತಾಡಿಕೊಳ್ಳುವುದೂ ನಿಂತುಹೋಗಿತ್ತು. ಓಣಿಯವರು, "ಪುಣ್ಯಾ, ಹುಚ್ಚು ಬಿಟ್ಟಿತು" ಎಂದರು. ಹೌದೆಂದು ನಾವೂ ತಲೆಯಾಡಿಸಿದೆವು.

ಒಂದು ಮಧ್ಯಾಹ್ನ ಕೂಸಿಗೆ ಹಾಸಲು ಹಳೆಯ ಬಟ್ಟೆ ಹುಡುಕುತ್ತ ಗೂಡಿಗೆ ಕೈ ಹಾಕಿದೆ. ಕಟ್ಟು ಜಾರಿ ಕೆಳಗೆ ಬಿತ್ತು. ಆರಿಸಿಡುವಾಗ ಕೊನೆಯ ಹಾಳೆಗಳು ಮೇಲೆ ಬಂದಿದ್ದವು. ನಿಂತಲ್ಲೇ ಓದಿದೆ.

ಚೆನ್ನಪ್ಪ ಈಗ ಮುದುಕನಾಗಿದ್ದಾನೆ. ಮಹಾಮತಿಯನ್ನು ಒಡೆದುಹಾಕಲು ದೊಡ್ಡ ಸುತ್ತಿಗೆ ಹೊತ್ತು ಅದರ ಮನೆಗೆ ಬಂದಿದ್ದಾನೆ. ಬಾಗಿಲಲ್ಲಿ ಕಾವಲಿಲ್ಲ, ಅಗುಳಿಯೂ ಇಲ್ಲ. ಒಳಗಿನಿಂದ ದನಿ ಬರುತ್ತದೆ.

"ಬಾ ಚೆನ್ನಪ್ಪ. ಸುತ್ತಿಗೆ ಭಾರ ಇದೆ, ಕೆಳಗಿಡು. ಇವತ್ತು ಯಾರ ಜೊತೆ ಮಾತಾಡಿದೆ?"

"ಬಹಳ ಮಂದಿಯ ಜೊತೆ ಮಾತಾಡಿದೆ" ಎನ್ನುತ್ತಾನೆ ಚೆನ್ನಪ್ಪ.

"ಇಲ್ಲ. ಇವತ್ತು ಯಾರ ಜೊತೆಗೂ ಮಾತಾಡಿಲ್ಲ. ನಿನ್ನೆಯೂ ಇಲ್ಲ, ಮೊನ್ನೆಯೂ ಇಲ್ಲ. ಕೂತುಕೋ, ನಾನು ಮಾತಾಡುತ್ತೇನೆ."

ಚೆನ್ನಪ್ಪ ಸುತ್ತಿಗೆ ಕೆಳಗಿಟ್ಟು ಕೂತ.

ಅಲ್ಲಿಂದ ಮುಂದೆ ಹಾಳೆ ಖಾಲಿ. ಈ ಸಲ ಒಂದು ಅಕ್ಷರವೂ ತಪ್ಪಿರಲಿಲ್ಲ.

ನಾನು ದೊಡ್ಡಮಾವನವರ ಜೊತೆ ಕೊನೆಯ ಸಲ ಮಾತಾಡಿದ್ದು ಎಂದು? ಬೆರಳು ಮಡಿಚಿ ಎಣಿಸಿದೆ. ಎರಡೂ ಕೈಯ ಬೆರಳು ಮುಗಿದವು. ಎಣಿಸುವುದನ್ನು ಬಿಟ್ಟೆ. ಕೂಸನ್ನು ಎತ್ತಿಕೊಂಡು ನಡುಮನೆ ದಾಟಿದೆ, ಯಾವಾಗಲೂ ಮರೆಯಾಗಿ ನಿಲ್ಲುತ್ತಿದ್ದ ಬಾಗಿಲನ್ನೂ ದಾಟಿದೆ. ಅವರು ಬೀದಿಯ ಕಡೆ ಮುಖ ಮಾಡಿ ಕೂತಿದ್ದರು. ಕೈ ಖಾಲಿ ಇತ್ತು.

"ಮಾವಾರ, ಇವತ್ತು ಯಾರ ಕೂಡ ಮಾತಾಡೀರಿ?"

ಅವರು ತಿರುಗಲಿಲ್ಲ. ನಾನು ಯಾವ ಹಾಳೆ ಓದಿ ಬಂದಿದ್ದೇನೆಂದು ತಕ್ಷಣ ತಿಳಿದುಹೋಗಿರಬೇಕು. ಆದರೂ, "ಭಾಳ ಮಂದಿ ಕೂಡ ಮಾತಾಡೀನವಾ" ಎಂದರು.

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಹಾಡುಹಗಲು, ನಡು ಓಣಿಯಲ್ಲಿ, ಹಿರಿಯ ಮಾವನ ಸಮಕ್ಕೆ ಸೊಸೆ! ಎದುರು ಮನೆಯ ಕಿಟಕಿಯಲ್ಲಿ ಎರಡು ಕಣ್ಣು ಕಾಣಿಸಿದವು. ಅವು ನಾಲ್ಕಾದವು. ಬೀದಿಯಲ್ಲಿ ನನ್ನ ದನಿ ಕೇಳಿ ಅತ್ತೆ ನನ್ನನ್ನು ಬೈಯಲು ದಾಪುಗಾಲು ಹಾಕುತ್ತ ಬಂದರು. ಹೊಸ್ತಿಲವರೆಗೆ ಬಂದವರು, ಭಾವನ ಮುಖ ನೋಡಿ ಅಲ್ಲೇ ನಿಂತರು. ಅದರಲ್ಲಿ ಏನು ಕಂಡಿತೋ, ಮೆಲ್ಲಗೆ ಹೊಸ್ತಿಲ ಒಳಗೆ ಕೂತು ಸೆರಗು ಎಳೆದುಕೊಂಡರು. ನಾನು ಅವರಿಗೆ ಕೊನೆಯ ಅಧ್ಯಾಯವನ್ನು ಬಾಯಿಂದಲೇ ಹೇಳಿದೆ. ಅತ್ತೆ ಪೂರ್ತಿ ಕೇಳಿದರು.

"ಕೇಳು ಅವರನ್ನ" ಎಂದರು ನನಗೆ. "ಆ ಚೆನ್ನಪ್ಪಗ ಹೆಂಡ್ತಿ ಇರಲಿಲ್ಲೇನು ಅಂತ."

ನಾನು ಕೇಳಬೇಕಾಗಲಿಲ್ಲ. ನಾನೂರು ಹಾಳೆಯ ಆ ಕಾದಂಬರಿಯಲ್ಲಿ ಚೆನ್ನಪ್ಪನ ಹೆಂಡತಿಯ ಬಗ್ಗೆ ಒಂದು ಮಾತೂ ಇರಲಿಲ್ಲ. ಅದು ನನಗೂ ಆಗಲೇ ಹೊಳೆದದ್ದು.

"ಇದ್ಲು" ಎಂದರು ದೊಡ್ಡಮಾವ.

ಕಟ್ಟೆಯ ಮುಂದಿನ ನೆಲ ನೋಡುತ್ತ, "ಎಡಗೈಲೆ ರಂಗೋಲಿ ಹಾಕತಿದ್ಲು" ಎಂದರು. "ಮಂದಿ ನಗತಿದ್ರು. ನಗಲಿ ಬಿಡ್ರಿ, ಹೂವಿಗೇನು ಗೊತ್ತಾಗ್ತೈತಿ ಯಾವ ಕೈ ಅಂತ, ಅನ್ನಾಕಿ."

"ಜೋರಾಗಿ ಸೀನತಿದ್ಲು" ಎಂದರು ಅತ್ತೆ ಹೊಸ್ತಿಲೊಳಗಿಂದ. ಈ ಸಲ ನನ್ನ ಮೂಲಕ ಹೇಳಲಿಲ್ಲ, ನೇರವಾಗಿಯೇ ಹೇಳಿದರು. "ಒಂದು ಸಲ ಸೀನಿದ್ರ ಕರು ಹಗ್ಗ ಹರಕೊಂಡು ಓಡತಿತ್ತು."

ದೊಡ್ಡಮಾವ ನಕ್ಕರು. ನಗುತ್ತಲೇ ರುಮಾಲಿನ ತುದಿಯಿಂದ ಕಣ್ಣು ಒತ್ತಿಕೊಂಡರು. ಆಮೇಲೆ ತೀರಿಹೋದ ಅವರ ಹೆಂಡತಿಯ ನೆನಪುಗಳು ಒಂದೊಂದಾಗಿ ಬಂದವು: ಆಕೆ ಗಂಡನ ಮೇಲೆ ಸಿಟ್ಟು ಬಂದಾಗ ಉಪ್ಪು ಹಾಕದೆ ಸಾರು ಮಾಡುತ್ತಿದ್ದುದು, ಗದ್ವಾಲಕ್ಕೆ ಹೋಗುವಾಗ ಹರಿಗೋಲಿನಲ್ಲಿ ಕಣ್ಣು ಮುಚ್ಚಿಕೊಂಡು ಗಂಡನ ರಟ್ಟೆ ಚಿವುಟುತ್ತಿದ್ದುದು, ಕೊನೆಯ ಜ್ವರದಲ್ಲಿ ದ್ರಾಕ್ಷಿ ಕೇಳಿದ್ದು, ಇಡೀ ಪೇಟೆಯಲ್ಲಿ ದ್ರಾಕ್ಷಿ ಸಿಗದೆ ಇದ್ದದ್ದು. ನಾನು ಆಕೆಯನ್ನು ನೋಡಿದವಳೇ ಅಲ್ಲ, ಆದರೂ ನಡುನಡುವೆ ಆಮೇಲೇನಾಯಿತು ಎಂದು ಕೇಳುತ್ತಿದ್ದೆ. ಕೂಸು ನನ್ನ ತೊಡೆಯ ಮೇಲೇ ನಿದ್ದೆ ಹೋಯಿತು.

ಹೊತ್ತು ಮುಳುಗುವಾಗ ನನ್ನ ಗಂಡ ಅಂಗಡಿ ಮುಚ್ಚಿ ಬಂದರು. ಮನೆಯಲ್ಲಿ ದೀಪ ಹಚ್ಚಿಲ್ಲ, ಒಲೆ ಹೊತ್ತಿಸಿಲ್ಲ, ಹೆಂಡತಿ ಬೀದಿಯ ಕಟ್ಟೆಯ ಮೇಲೆ, ತಾಯಿ ಹೊಸ್ತಿಲಲ್ಲಿ, ದೊಡ್ಡಪ್ಪನ ಕೆನ್ನೆ ಒದ್ದೆ. ಅವರು ಗಾಬರಿಯಾಗಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತರು.

"ಏನಾತು? ಯಾರರೆ ಸತ್ತಾರೇನು?"

"ಯಾರೂ ಸತ್ತಿಲ್ಲ" ಎಂದರು ಅತ್ತೆ. "ನೀನೂ ಕೂಡು."